ಎಷ್ಟು ಪರ್ಸೆಂಟ್ ಫಿಟ್ಸ್?

“ಕೆಲಸಕ್ಕೆ ಹೋಗ್ತಿದಾನಲ್ಲ ಗುರು, ಮತ್ತೆ ಅಂಗವೈಕಲ್ಯದ ಭತ್ಯೆ ಯಾಕೆ?”

ಕೇಳೋಕೆ ಬಹಳ ನ್ಯಾಯವಾದ ಪ್ರಶ್ನೆ. ಟ್ಯಾಕ್ಸ್ ಕಟ್ಟಿ ಸುಸ್ತಾದವರೂ ಕೇಳ್ತಾರೆ, ಎಚ್‌ಆರ್‌ನವರೂ ಕೇಳ್ತಾರೆ, ಕೊನೆಗೆ ಮನೆಯವರೂ ಕೇಳ್ತಾರೆ. ಒಂದೋ ನಿನಗೆ ದುಡಿಯೋಕೆ ಆಗಲ್ಲ, ಆಗ ಸಹಾಯ ತಗೋ. ಇಲ್ಲ ದುಡಿಯೋಕೆ ಆಗತ್ತೆ, ಆಗ ಸಹಾಯ ಬಿಡು. ಎರಡು ದೋಣಿ ಮೇಲೆ ಕಾಲಿಡಬೇಡ. ಇಷ್ಟೇ ತರ್ಕ. ನನ್ನ ತಕರಾರು ಇರೋದು ಈ ತರ್ಕದ ಬಗ್ಗೆಯೇ. ಮೂರ್ಛೆರೋಗ ಇರುವ ಒಬ್ಬರನ್ನು ಇದರ ಮುಂದೆ ನಿಲ್ಲಿಸಿ ನೋಡಿ, ಇಡೀ ಲೆಕ್ಕ ಹಳ್ಳ ಹಿಡಿಯುತ್ತೆ.

ಒಂದು ತಿಂಗಳಲ್ಲಿ 43,200 ನಿಮಿಷ. ಇಪ್ಪತ್ತೊಂಬತ್ತು ವರ್ಷದ ಒಬ್ಬ ಟೆಸ್ಟಿಂಗ್ ಇಂಜಿನಿಯರ್ ಇದ್ದಾಳೆ, ಅವಳಿಗೆ ತಿಂಗಳಿಗೊಮ್ಮೆ ಎರಡು ನಿಮಿಷದ ಫಿಟ್ಸ್ ಬರುತ್ತೆ ಅಂತಿಟ್ಕೊಳ್ಳಿ. ಎರಡು ನಿಮಿಷಕ್ಕೆ ಅವಳು ಅಂಗವಿಕಲೆ, ಉಳಿದ 43,198 ನಿಮಿಷಕ್ಕೆ ಎಲ್ಲರಂತೆ ಆರೋಗ್ಯವಂತೆ. ಹಾಗಂತ ಲೆಕ್ಕ ಹಾಕಿದರೆ ಅವಳಿಗೆ ಏನೂ ಕೊಡಬೇಕಾಗಿಲ್ಲ. ಆದರೆ ಆ ಎರಡು ನಿಮಿಷ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದೆ ಇರೋದೇ ಅವಳ ಕಾಯಿಲೆ. ಅವಳು ಸ್ಕೂಟರ್ ಓಡಿಸೋ ಹಾಗಿಲ್ಲ. ಡ್ರೈವಿಂಗ್ ಲೈಸೆನ್ಸಿನ ಫಾರ್ಮ್ 1ರಲ್ಲಿ ಮೂರ್ಛೆರೋಗ ಇದೆಯಾ ಅಂತ ನೇರವಾಗಿ ಕೇಳ್ತಾರೆ, ಹೌದು ಅಂದರೆ ಅಲ್ಲಿಗೆ ಮುಗೀತು. ಹಾಗಾಗಿ ಕೆ.ಆರ್. ಪುರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕ್ಯಾಬಿನ ದುಡ್ಡು ದಿನಾ ಅವಳ ಜೇಬಿಂದಲೇ. ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತೆ, ಆದ್ದರಿಂದ ನೈಟ್ ಶಿಫ್ಟ್ ಇಲ್ಲ, ನೈಟ್ ಶಿಫ್ಟ್ ಅಲೋವೆನ್ಸೂ ಇಲ್ಲ. ಫಿಟ್ಸ್ ಬಂದು ಹೋದ ಮೇಲೆ ನಾಲಿಗೆ ಕಚ್ಚಿಕೊಂಡ ನೋವು, ಮೈಕೈ ನೋವು, ಅರ್ಧ ದಿನದ ಮಂಪರು. ಕೆಲವು ಮಾತ್ರೆಗಳಿಂದ ಬೇಗ ಸಿಟ್ಟು ಬರುತ್ತೆ, ಕೆಲವದ್ದರಿಂದ ಬಾಯಿಗೆ ಬಂದ ಪದ ಮರೆತು ಹೋಗುತ್ತೆ. ಮೀಟಿಂಗಿನಲ್ಲಿ ಪದ ಮರೆತವರನ್ನು ನಾವು ಏನಂತ ಅಂದುಕೊಳ್ತೀವಿ ಅನ್ನೋದು ನಮಗೇ ಗೊತ್ತಿದೆಯಲ್ಲ. ಅಷ್ಟೇ ಯಾಕೆ, ತಲೆಗೆ ಬಿಸಿನೀರು ಹೊಯ್ದುಕೊಂಡರೆ ಫಿಟ್ಸ್ ಬರುವ ಒಂದು ವಿಧವೇ ಇದೆ. ನಮ್ಮ ಕಡೆ, ಅಂದರೆ ದಕ್ಷಿಣ ಭಾರತದಲ್ಲಿ, ಅದು ಹೆಚ್ಚು. ಅಭ್ಯಂಜನದಂಥ ಅಭ್ಯಂಜನಕ್ಕೂ ಹೆದರಿ ಕೂರುವ ಬದುಕು ಅದು.

ಇದೆಲ್ಲ ಖರ್ಚೇ. ಕೆಲಸ ಮಾಡೋಕೆ ಆಗದ್ದರಿಂದ ಬರುವ ಖರ್ಚಲ್ಲ, ಕೆಲಸ ಮಾಡೋದರಿಂದಲೇ ಬರುವ ಖರ್ಚು. ಭತ್ಯೆಯ ವಿಷಯ ಮಾತಾಡುವವರು ತಪ್ಪುವುದು ಇಲ್ಲೇ. ಮನೆಯಲ್ಲಿ ಕೂತರೆ ಅವಳಿಗೆ ಕ್ಯಾಬ್ ಬೇಕಾಗಿಲ್ಲ.

ಅಮೆರಿಕದವರು ಇದನ್ನು ಅರ್ಧ ಅರ್ಥ ಮಾಡಿಕೊಂಡಿದ್ದಾರೆ. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿ ದುಡಿದವರು ಕಾಯಿಲೆ ಬಿದ್ದರೆ ಡಿಸೆಬಿಲಿಟಿ ಇನ್ಶೂರೆನ್ಸ್ ಸಿಗುತ್ತೆ. ಮೂರ್ಛೆರೋಗಕ್ಕೆ ಅವರ ಪಟ್ಟಿಯಲ್ಲಿ ಬೇರೆಯೇ ನಿಯಮವಿದೆ. ಒಂದು ದಾರಿ ಹೀಗೆ: ಮಾತ್ರೆಗಳನ್ನು ಸರಿಯಾಗಿ ತಗೊಂಡರೂ ಸತತ ಮೂರು ತಿಂಗಳು, ತಿಂಗಳಿಗೊಂದಾದರೂ ದೊಡ್ಡ ಫಿಟ್ಸ್ ಬಂದಿರಬೇಕು. ಹಾಗೆ ಭತ್ಯೆ ಸಿಕ್ಕವರು ಮತ್ತೆ ಕೆಲಸಕ್ಕೆ ಹೋಗಬೇಕು ಅಂದರೆ ಟ್ರಯಲ್ ಅಂತ ಒಂಬತ್ತು ತಿಂಗಳು ಕೊಡುತ್ತಾರೆ. ಒಂಬತ್ತೂ ಒಟ್ಟಿಗೆ ಆಗಬೇಕೆಂದಿಲ್ಲ, 60 ತಿಂಗಳ ಒಳಗೆ ಬಿಡಿಬಿಡಿಯಾಗಿ ಆದರೂ ಸರಿ. 2025ರ ಲೆಕ್ಕದಲ್ಲಿ 1,160 ಡಾಲರ್ ಮೀರಿ ಗಳಿಸಿದ ತಿಂಗಳು ಒಂದು ಟ್ರಯಲ್ ತಿಂಗಳು. ಆಗ ಎಷ್ಟೇ ಸಂಪಾದಿಸಿ, ಭತ್ಯೆ ಪೂರ್ತಿ ಬರುತ್ತೆ. ಆಮೇಲೆ 36 ತಿಂಗಳ ಇನ್ನೊಂದು ಅವಧಿ. ಗಳಿಕೆ ಮಿತಿಗಿಂತ ಕೆಳಗೆ ಬಿದ್ದ ತಿಂಗಳು, ಹೊಸ ಅರ್ಜಿ ಇಲ್ಲದೇ ಭತ್ಯೆ ವಾಪಸ್ ಬರುತ್ತೆ. ಕೆಲಸದ ಕಾರಣಕ್ಕೆ ಭತ್ಯೆ ನಿಂತೇ ಹೋದರೂ ಐದು ವರ್ಷದೊಳಗೆ ಅದೇ ಕಾಯಿಲೆ ಮರುಕಳಿಸಿದರೆ ಬೇಗ ಮರಳಿಸುವ ದಾರಿ ಇದೆ. ಕೈಯಿಂದ ಕೊಟ್ಟ ಮಾತ್ರೆ ಖರ್ಚನ್ನು ಗಳಿಕೆಯ ಲೆಕ್ಕದಿಂದ ಕಳೆಯಬಹುದು. ಕಾಯಿಲೆ ಹೋಗಿ ಬರುತ್ತೆ ಅನ್ನೋದನ್ನ ಒಂದು ಸರ್ಕಾರಿ ಕಚೇರಿ ಒಪ್ಪಿಕೊಂಡಿದೆ, ಅದೇ ದೊಡ್ಡ ವಿಷಯ.

ಅರ್ಧ ಅಂದೆನಲ್ಲ, ಇನ್ನರ್ಧ ಇಲ್ಲಿದೆ. ಟ್ರಯಲ್ ಮುಗಿದ ಮೇಲೆ ಆ ಮಿತಿ ಒಂದು ಪ್ರಪಾತ. 2025ರಲ್ಲಿ ಅದು ತಿಂಗಳಿಗೆ 1,620 ಡಾಲರ್, ದೃಷ್ಟಿಹೀನರಿಗೆ ಮಾತ್ರ ಇದಕ್ಕಿಂತ ಹೆಚ್ಚು. 1,600 ಗಳಿಸಿದರೆ ಪೂರ್ತಿ ಚೆಕ್ಕು, ನೂರು ಡಾಲರ್ ಹೆಚ್ಚು ಗಳಿಸಿದರೆ, ಒಂದೆರಡು ತಿಂಗಳ ರಿಯಾಯಿತಿ ಮುಗಿದ ಮೇಲೆ, ಆ ತಿಂಗಳು ಚೆಕ್ಕೇ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡೋ ಪದ್ಧತಿ ಇಲ್ಲ. ಹಾಗಾಗಿ ಜನ ಗಂಟೆ ಲೆಕ್ಕ ಹಾಕಿ ಕೆಲಸ ಮಾಡ್ತಾರೆ, ಬಾಸು ಹೆಚ್ಚು ಶಿಫ್ಟ್ ಕೊಟ್ಟರೆ ಬೇಡ ಅಂತಾರೆ. ಅದನ್ನ ನೋಡಿದವರು “ಸೋಮಾರಿಗಳು, ಸರ್ಕಾರದ ದುಡ್ಡಿನ ರುಚಿ ಹತ್ತಿದೆ” ಅಂತಾರೆ. ಸ್ವಾಮಿ, ನೂರು ಡಾಲರ್ ಹೆಚ್ಚಿಗೆ ದುಡಿದು ಸಾವಿರ ಕಳೆದುಕೊಳ್ಳಿ ಅಂದರೆ ನೀವು ದುಡೀತೀರಾ? ಅಪ್ರೈಸಲ್‌ನಲ್ಲಿ ಒಂದು ಪರ್ಸೆಂಟ್ ಕಡಿಮೆ ಬಂದರೆ ಪೇಪರ್ ಹಾಕುವ ಜನ ನಾವು. (ಅಲ್ಲಿ ಕೂತು ಇದನ್ನು ಓದುತ್ತಿರುವ ಎಚ್-1ಬಿ ಗೆಳೆಯರಿಗೆ ಒಂದು ಮಾತು. ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲ. ನೀವಲ್ಲಿ ತೆರಿಗೆ ಕಟ್ಟಿದ ವರ್ಷಗಳು ಇಲ್ಲಿನ ಪಿಂಚಣಿ ಲೆಕ್ಕಕ್ಕೆ ಸೇರಲ್ಲ.)

ಬ್ರಿಟನ್ನಿನ ಒಂದು ಸಣ್ಣ ಸವಲತ್ತು ನನಗೆ ಇದಕ್ಕಿಂತ ಇಷ್ಟ. ಇಂಗ್ಲೆಂಡಿನಲ್ಲಿ ಫಿಟ್ಸ್ ಕಾರಣಕ್ಕೆ ಡ್ರೈವಿಂಗ್ ಲೈಸೆನ್ಸ್ ಸಿಗದವರಿಗೆ ಬಸ್ ಪಾಸ್ ಪುಕ್ಕಟೆ. ನಿಮಗೆ ಕೆಲಸ ಇದೆಯಾ, ಸಂಬಳ ಎಷ್ಟು, ಇದ್ಯಾವುದನ್ನೂ ಕೇಳಲ್ಲ. ಗಾಡಿ ಓಡಿಸಬೇಡ ಅಂತ ಹೇಳೋದು ನಾವು, ಆದ್ದರಿಂದ ಬಸ್ ಚಾರ್ಜು ನಮ್ಮದು. ಎಷ್ಟು ಸರಳ! ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿ ಇನ್ನೊಂದು ಜಾಣತನವಿದೆ. ಒಬ್ಬರು ಅಂಗವಿಕಲರೋ ಅಲ್ಲವೋ ಅಂತ ನೋಡುವಾಗ ಮಾತ್ರೆಯಿಂದ ಆದ ಗುಣವನ್ನು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಮಾತ್ರೆ ತಗೊಂಡು ಫಿಟ್ಸ್ ನಿಂತಿದೆ ಅಂದ ಮಾತ್ರಕ್ಕೆ ನಿಮ್ಮ ಹಕ್ಕು ನಿಲ್ಲಲ್ಲ. ಅಮೆರಿಕವೂ 2008ರ ತಿದ್ದುಪಡಿಯಲ್ಲಿ ಇದನ್ನೇ ಸೇರಿಸಿ, ಬಂದು ಹೋಗುವ ಕಾಯಿಲೆ ಬಂದಾಗ ಹೇಗಿರುತ್ತೆ ಅನ್ನೋದನ್ನ ನೋಡಿ ತೀರ್ಮಾನಿಸಿ ಅಂತ ಹೇಳಿತು.

ಈಗ ನಮ್ಮೂರಿಗೆ ಬನ್ನಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಮೊದಲಿನ ಕಾಯ್ದೆಯಲ್ಲಿ ಏಳೇ ಇದ್ದವು, ಆ ಮಟ್ಟಿಗೆ ಸಂತೋಷ. ಪಾರ್ಕಿನ್ಸನ್ಸ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಮೂರ್ಛೆರೋಗದ ಹೆಸರಿಲ್ಲ. ಜತೆಗೆ ಸೆರೆಬ್ರಲ್ ಪಾಲ್ಸಿಯೋ ಬುದ್ಧಿಮಾಂದ್ಯವೋ ಇದ್ದರೆ ಅದರ ಲೆಕ್ಕದಲ್ಲಿ ಸರ್ಟಿಫಿಕೇಟ್ ಸಿಗಬಹುದು. ಬರೀ ಫಿಟ್ಸ್ ಇದ್ದರೆ? ಮೀಸಲಾತಿಯಂಥ ಮುಖ್ಯ ಸವಲತ್ತುಗಳಿಗೆ ಶೇ. 40 ವೈಕಲ್ಯ ಇರಬೇಕು. ಎರಡು ನಿಮಿಷ ಎಷ್ಟು ಪರ್ಸೆಂಟು ಅಂತ ಯಾವ ಟೇಪು ಹಿಡಿದು ಅಳೆಯೋದು?

ಆದಾಯ ತೆರಿಗೆಯಲ್ಲೂ ಇದೇ ಕಥೆ. 1961ರ ಕಾಯ್ದೆಯ 80ಯು ಪ್ರಕಾರ ಅಂಗವೈಕಲ್ಯ ಇರುವವರಿಗೆ 75,000 ರೂಪಾಯಿ, ತೀವ್ರ ವೈಕಲ್ಯಕ್ಕೆ 1,25,000 ರೂಪಾಯಿ ವಿನಾಯಿತಿ, ಅದೂ ಹಳೇ ರೆಜೀಮ್‌ನಲ್ಲಿ ಮಾತ್ರ. ಸರ್ಟಿಫಿಕೇಟ್ ಇಲ್ಲದವರಿಗೆ ಅದರ ಬಾಗಿಲು ಮುಚ್ಚಿದೆ. ಹೋಗಲಿ, ಚಿಕಿತ್ಸೆ ಖರ್ಚಿಗೆ 80ಡಿಡಿಬಿ ಇದೆಯಲ್ಲ ಅಂತ ಹುಡುಕಿದರೆ ಅಲ್ಲಿ ನರರೋಗಗಳ ಪಟ್ಟಿ ಸಿಗುತ್ತೆ. ಡಿಮೆನ್ಷಿಯಾ, ಅಟಾಕ್ಸಿಯಾ, ಕೊರಿಯಾ, ಹೆಮಿಬ್ಯಾಲಿಸ್ಮಸ್. ಕೊನೆಯದರ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಮೂರ್ಛೆರೋಗ ಅದರಲ್ಲೂ ಇಲ್ಲ. ನೌಕರರ ಪಿಂಚಣಿ ಯೋಜನೆಯಲ್ಲಿ ವೈಕಲ್ಯ ಪಿಂಚಣಿ ಉಂಟು, ಆದರೆ ಶಾಶ್ವತವಾಗಿ, ಸಂಪೂರ್ಣವಾಗಿ ಕೆಲಸಕ್ಕೆ ಬಾರದವರಾಗಿರಬೇಕು. ಮತ್ತೆ ಕೆಲಸಕ್ಕೆ ಹೋಗ್ತೀನಿ ಅನ್ನುವವರಿಗೆ ಅಲ್ಲಿ ಜಾಗವೇ ಇಲ್ಲ.

ಕೊಡುವಾಗ “ನೀನು ಆರಾಮಾಗಿದೀಯ” ಅನ್ನುವ ಇದೇ ವ್ಯವಸ್ಥೆ, ತಡೆಯುವಾಗ “ನೀನು ರೋಗಿ” ಅನ್ನುತ್ತೆ ನೋಡಿ, ನನಗೆ ಸಿಟ್ಟು ಬರೋದು ಅಲ್ಲಿ. ಲೈಸೆನ್ಸ್ ಕೊಡೋಕೆ ಅವಳು ರೋಗಿ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮೊದಲೇ ಇದ್ದರೆ ಕಾಯಂ ಆಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿ ಇತ್ತು. ಅಲ್ಲಿ ಮೂರ್ಛೆರೋಗದ ಹೆಸರು ತಪ್ಪದೇ ಇತ್ತು! ಹಿಂದೂ ವಿವಾಹ ಕಾಯ್ದೆಯಂತೂ ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲೇ ಕೂರಿಸಿ, ಮದುವೆ ರದ್ದು ಮಾಡೋಕೆ ಕಾರಣ ಅಂತ ಬರೆದುಕೊಂಡಿತ್ತು. ಅದನ್ನು ತೆಗೆದದ್ದು 1999ರಲ್ಲಿ.

ಇನ್ನು ಆಫೀಸು. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ನಡೆಸಿದ ಸಮೀಕ್ಷೆಯಲ್ಲಿ ನಗರ ಭಾಗದಲ್ಲಿ ಸಾವಿರಕ್ಕೆ 5.7 ಮಂದಿಗೆ ಮೂರ್ಛೆರೋಗ ಕಂಡುಬಂದಿತ್ತು, ಹಳ್ಳಿಗಳಲ್ಲಿ 11.9. ನಗರದ ಲೆಕ್ಕವನ್ನೇ ಹಿಡಿದರೂ ಐದು ಸಾವಿರ ಜನರ ಕ್ಯಾಂಪಸ್‌ನಲ್ಲಿ ಇಪ್ಪತ್ತೆಂಟು ಮಂದಿ ಇರಬೇಕು. ನಿಮಗೆ ಎಷ್ಟು ಜನ ಗೊತ್ತು? ಒಬ್ಬರೂ ಗೊತ್ತಿರಲಿಕ್ಕಿಲ್ಲ. ಹೇಳಿದರೆ ಏನಾಗುತ್ತೆ ಅನ್ನೋದು ಅವರಿಗೆ ಗೊತ್ತು. ಸಿಕ್ ಲೀವ್ ಮುಗಿದು, ಸಂಬಳವಿಲ್ಲದ ರಜೆ ಮುಗಿದು ವಾಪಸ್ ಬಂದವರ ಕೈಲಿ “ಫಿಟ್ ಟು ರೆಸ್ಯೂಮ್” ಅನ್ನೋ ಎರಡು ಸಾಲಿನ ಚೀಟಿ ಕೇಳ್ತಾರೆ. ಆ ಚೀಟಿ ಕೊಟ್ಟರೆ ನಾಳೆಯಿಂದ ಆನ್-ಕಾಲ್ ರೋಟಾ. ಡಾಕ್ಟರು “ನೈಟ್ ಶಿಫ್ಟ್ ಬೇಡ” ಅಂತ ಒಂದು ಸಾಲು ಸೇರಿಸಿದರೆ “ಹಾಗಾದ್ರೆ ಇನ್ನೂ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ” ಅನ್ನೋ ಮುಗುಳ್ನಗೆ. ಆದ್ದರಿಂದ ಎಲ್ಲರೂ ಮುಚ್ಚಿಡ್ತಾರೆ. ಮುಚ್ಚಿಟ್ಟಿರೋದರಿಂದ ಪಕ್ಕದ ಡೆಸ್ಕಿನವರಿಗೆ ಏನು ಮಾಡಬೇಕು ಅಂತ ಗೊತ್ತಿರಲ್ಲ, ಒಂದು ದಿನ ಅವಳು ಬಿದ್ದಾಗ ಸೆಕ್ಯುರಿಟಿಯವರು ಕೈಗೆ ಬೀಗದ ಕೈ ತುರುಕುತ್ತಾರೆ. ಕಬ್ಬಿಣದಿಂದ ಏನೂ ಆಗಲ್ಲ. ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೀರಿ.

ಸರ್ಕಾರಿ ನೌಕರರಿಗೆ ಕಾಯ್ದೆಯ 20ನೇ ಸೆಕ್ಷನ್ ಕಾವಲಿದೆ. ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯೋ ಹಾಗಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಖಾಸಗಿಯವರಿಗೆ ಆ ಕಾವಲಿಲ್ಲ. ಆದರೆ ಏನೂ ಇಲ್ಲ ಅಂತಲೂ ಅಲ್ಲ, ಇದನ್ನ ಎಚ್‌ಆರ್‌ನವರು ನಿಮಗೆ ಹೇಳಲ್ಲ. ಕಾಯ್ದೆಯಲ್ಲಿ ವಿಕಲಚೇತನರು ಯಾರು ಅನ್ನೋ ವ್ಯಾಖ್ಯೆಯಲ್ಲಿ ಪರ್ಸೆಂಟೇ ಇಲ್ಲ. ದೀರ್ಘಕಾಲದ ತೊಂದರೆ ಇದ್ದು, ಎದುರಿನ ಅಡೆತಡೆಗಳಿಂದಾಗಿ ಎಲ್ಲರಂತೆ ಭಾಗವಹಿಸಲು ಆಗದಿದ್ದರೆ ಸಾಕು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಿದ್ದರು. ಕೋರ್ಟು, ಸೂಕ್ತ ಅನುಕೂಲ ಮಾಡಿಕೊಡೋಕೆ ಶೇ. 40 ಬೇಕಾಗಿಲ್ಲ ಅಂದಿತು. ಅಲ್ಲದೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಅದರಲ್ಲಿ ಯಾವ ಅನುಕೂಲ ಕೊಡ್ತೀವಿ ಅಂತ ಬರೆದಿರಬೇಕು, ಅದನ್ನು ನೋಡಿಕೊಳ್ಳೋಕೆ ಒಬ್ಬ ಅಧಿಕಾರಿ ಇರಬೇಕು.

ಅಂಥ ಅನುಕೂಲಕ್ಕೆ ಆಗೋ ಖರ್ಚಾದರೂ ಎಷ್ಟು? ನೈಟ್ ಶಿಫ್ಟ್ ಬೇಡ, ಕಂಪನಿಯ ಕ್ಯಾಬಿನಲ್ಲಿ ಒಂದು ಸೀಟು, ಫಿಟ್ಸ್ ಬಂದ ಮಾರನೇ ದಿನ ಮನೆಯಿಂದ ಕೆಲಸ. ವರ್ಷಕ್ಕೊಮ್ಮೆ ಡೈವರ್ಸಿಟಿ ವೀಕ್‌ಗೆ ಹಂಚುವ ಟಿ-ಶರ್ಟಿನ ಬಜೆಟ್ಟಿನಲ್ಲಿ ಎಷ್ಟು ಕ್ಯಾಬ್ ಸೀಟು ಬರಬಹುದು, ನೀವೇ ಲೆಕ್ಕ ಹಾಕಿ. ಸರ್ಕಾರ ಮಾಡಬೇಕಾದ್ದೂ ದೊಡ್ಡದೇನಲ್ಲ. 80ಡಿಡಿಬಿ ಪಟ್ಟಿಗೆ ಒಂದು ಹೆಸರು ಸೇರಿಸಲಿ. ಲೈಸೆನ್ಸ್ ಸಿಗದವರಿಗೆ ಸಂಬಳ ಕೇಳದೆ ಬಿಎಂಟಿಸಿ, ಮೆಟ್ರೋ ಪಾಸು ಕೊಡಲಿ. ಕೆಲಸಕ್ಕೆ ಮರಳಿದವರ ಭತ್ಯೆಯನ್ನು ಒಂದೇ ಏಟಿಗೆ ಕತ್ತರಿಸದೆ, ಗಳಿಕೆ ಹೆಚ್ಚಿದ ಹಾಗೆ ಇಳಿಸುತ್ತಾ ಬರಲಿ, ಫಿಟ್ಸ್ ಮರುಕಳಿಸಿದ ತಿಂಗಳು ಅರ್ಜಿ ಕೇಳದೆ ಮರಳಿಸಲಿ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ಫಿನೋಬಾರ್ಬಿಟಾಲ್, ಫಿನೈಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ರೋಗಿಗಳ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿ ಇಪ್ಪತ್ತು ವರ್ಷದ ಮೇಲಾಯ್ತು. ಫಿಟ್ಸ್ ಹತೋಟಿಗೆ ಬಂದವರನ್ನು ಕೆಲಸದ ಮೇಜಿನ ತನಕ ಕರೆತರೋ ಕೆಲಸ ಮಾತ್ರ ಡಾಕ್ಟರದ್ದಲ್ಲ.

ಮುಂದಿನ ಟೌನ್‌ಹಾಲ್‌ನಲ್ಲಿ ಮೈಕು ನಿಮ್ಮ ಹತ್ತಿರ ಬಂದಾಗ ಈ ಸಲ ಇನ್‌ಕ್ರಿಮೆಂಟ್ ಬಿಡಿ, ಎರಡು ಪ್ರಶ್ನೆ ಕೇಳಿ. ನಮ್ಮ ಸಮಾನ ಅವಕಾಶ ನೀತಿ ಯಾವ ಪುಟದಲ್ಲಿದೆ? ನಮ್ಮ ಗ್ರೂಪ್ ಇನ್ಶೂರೆನ್ಸ್ ಪಾಲಿಸಿಯ ಹೊರಗಿಟ್ಟ ಕಾಯಿಲೆಗಳ ಪಟ್ಟಿಯಲ್ಲಿ ಜಿ-40 ಅನ್ನೋ ಕೋಡ್ ಇದೆಯಾ? ಮೂರ್ಛೆರೋಗದ ಕೋಡ್ ಅದು. ನಿಮಗೆ ಫಿಟ್ಸ್ ಇಲ್ಲದಿದ್ದರೆ ಇನ್ನೂ ಒಳ್ಳೇದು, ನೀವು ಕೇಳಿದರೆ ಯಾರಿಗೂ ಅನುಮಾನ ಬರಲ್ಲ.