ಹಳೆಯದೆಲ್ಲ ಮೊದಲ ಮುದ್ರಣವಲ್ಲ

ಮಕ್ಕಳ ಹಳೇ ಪುಸ್ತಕಗಳಿಗೆ ಈಗ ಬೆಲೆ ಬಂದಿದೆ. ಹಾಳೆ ಹಳದಿಯಾದ ಪುಸ್ತಕದ ಫೋಟೊ ಹಾಕಿ ‘ಫಸ್ಟ್ ಎಡಿಷನ್, ಅಪರೂಪ’ ಎಂದು ಬರೆದರೆ ಸಾಕು, ಕೊಳ್ಳುವವರು ಸಿಗುತ್ತಾರೆ. ಹಳೆಯದು ಬೇರೆ, ಮೊದಲನೆಯದು ಬೇರೆ ಎಂದು ಕೇಳುವವರು ಮಾತ್ರ ಕಡಿಮೆ.

1997ರ ಮೊದಲ ಹ್ಯಾರಿ ಪಾಟರ್ ಪುಸ್ತಕದ ರಟ್ಟಿನ ಪ್ರತಿಗಳು ಅಚ್ಚಾದದ್ದು 500. ಹಕ್ಕುಸ್ವಾಮ್ಯದ ಪುಟದಲ್ಲಿ 10ರಿಂದ 1ರವರೆಗೆ ಅಂಕಿಗಳ ಸಾಲು, 53ನೇ ಪುಟದ ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ: ಇವೆರಡೂ ಅದರ ಗುರುತುಗಳು. ಕನ್ನಡದಲ್ಲಿ ಇಂಥ ಅಂಕಿ ಸಾಲಿನ ರೂಢಿ ಬೆಳೆಯಲಿಲ್ಲ. ನಮ್ಮಲ್ಲಿ ‘ಪ್ರಥಮ ಮುದ್ರಣ’, ‘ಪ್ರತಿಗಳು: 1000’ ಎಂದು ನೇರವಾಗಿ ಅಚ್ಚು ಹಾಕುತ್ತಾರೆ. ಎಷ್ಟು ಪ್ರತಿ ಎಂದೂ ಹೇಳುವ ಈ ಪದ್ಧತಿಯೇ ನಮಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ತೊಂದರೆ ಇರುವುದು, ಎಲ್ಲರೂ ಅದನ್ನು ಪಾಲಿಸದೆ ಇರುವುದರಲ್ಲಿ. ಇಸವಿಯೇ ಇಲ್ಲದ ಮಕ್ಕಳ ಪುಸ್ತಕಗಳು ಬೇಕಾದಷ್ಟಿವೆ.

ಆಗ ಬೇರೆ ಸಾಕ್ಷಿ ಹುಡುಕಬೇಕು. ಬೆಲೆ ಬರೀ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರುವ ಹೊತ್ತಿಗಿಂತ ಹಿಂದಿನದಿರಬೇಕು. ‘ನಯಾಪೈಸೆ’ ಎಂದಿದ್ದರೆ ಸುಮಾರಾಗಿ 1957–64ರ ನಡುವಿನದು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಮೊದಲು ಅಚ್ಚಾಗಿರಲು ಸಾಧ್ಯವೇ ಇಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ನ ಹಿಂದಿನದೆನ್ನಬಹುದು. ಆದರೆ ಬೆಲೆಯ ಮೇಲೆ ಚೀಟಿ ಅಂಟಿಸಿದ್ದಾರೋ, ರಬ್ಬರ್ ಸ್ಟಾಂಪ್ ಒತ್ತಿದ್ದಾರೋ ನೋಡಿಕೊಳ್ಳಿ. ಹಳೇ ದಾಸ್ತಾನಿಗೆ ಹೊಸ ಬೆಲೆ ಹಾಕುವುದು ಮಾಮೂಲು. ಇವೆಲ್ಲ ಕಾಲವನ್ನು ಹೇಳುತ್ತವೆಯೇ ಹೊರತು ‘ಮೊದಲನೆಯದು’ ಎಂದು ಸಾಬೀತು ಮಾಡುವುದಿಲ್ಲ. ಅನುವಾದಗಳಲ್ಲಿ ಇನ್ನೂ ಎಚ್ಚರ ಬೇಕು: ಮೂಲ ಕೃತಿಯ ಇಸವಿಯನ್ನೇ ಕನ್ನಡ ಪುಸ್ತಕದ ಇಸವಿ ಎಂದು ಮಾರುವವರಿದ್ದಾರೆ.

ಅಮರ ಚಿತ್ರ ಕಥೆಯನ್ನೇ ನೋಡಿ. ಇಂಗ್ಲಿಷಿನ ‘ಕೃಷ್ಣ’ವೇ ಸರಣಿಯ ಮೊದಲ ಪುಸ್ತಕ ಎಂದು ನಂಬಿ ಹುಡುಕುವವರು ಹಲವರು. ಅದರ ಸಂಖ್ಯೆ 11. ಅದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಸರಣಿ ಶುರುವಾದದ್ದು ಕನ್ನಡದಲ್ಲಿ, ಸಿಂಡರೆಲ್ಲಾಳಂಥ ಪಾಶ್ಚಾತ್ಯ ಕಥೆಗಳೊಂದಿಗೆ. ಆ ತೆಳ್ಳನೆಯ ಕನ್ನಡ ಪುಸ್ತಕಗಳನ್ನು ನಮ್ಮವರೇ ರದ್ದಿಗೆ ಹಾಕಿರುವುದೂ ಉಂಟು.

ನಮ್ಮ ಆತಂಕ ಸಂಗ್ರಾಹಕರ ಜೇಬಿನದಲ್ಲ. ಹಳ್ಳಿಯ ಶಾಲೆ, ಗ್ರಂಥಾಲಯಗಳ ಬೀರುಗಳಲ್ಲಿ ಇಂಥವು ಇನ್ನೂ ಸಿಗಬಹುದು. ಅಲ್ಲಿ ಮಕ್ಕಳ ಪುಸ್ತಕ ಹರಿದರೆ ಮುಖಪುಟ ಕಿತ್ತು ರಟ್ಟು ಕಟ್ಟುತ್ತಾರೆ, ಇಲ್ಲವೇ ತೂಕಕ್ಕೆ ಹಾಕುತ್ತಾರೆ. ಮುಖಪುಟದ ಜೊತೆಗೆ ಚಿತ್ರಕಾರರ ಹೆಸರು, ಬೆಲೆ, ಕೆಲವೊಮ್ಮೆ ಮುದ್ರಣಾಲಯದ ಹೆಸರೂ ಹೋಗುತ್ತದೆ. ಮರುಮುದ್ರಣದಲ್ಲಿ ಚಿತ್ರ ಬದಲಾಗಿದ್ದರೆ, ಹಿಂದಿನ ಮಕ್ಕಳು ಕಂಡ ಪುಸ್ತಕ ಹೇಗಿತ್ತು ಎಂದು ತಿಳಿಯುವ ದಾರಿಯೇ ಮುಚ್ಚಿದಂತೆ.

ಪ್ರಕಾಶಕರು ಪ್ರತಿ ಮರುಮುದ್ರಣದಲ್ಲೂ ಹಿಂದಿನ ಎಲ್ಲ ಮುದ್ರಣಗಳ ಇಸವಿ, ಪ್ರತಿಗಳ ಸಂಖ್ಯೆ ಕೊಡಲಿ. ಅದಕ್ಕೆ ತಗಲುವುದು ಎರಡು ಸಾಲಿನ ಜಾಗ. ಗ್ರಂಥಾಲಯಗಳು ವಿಲೇವಾರಿಗೆ ಮುನ್ನ ಮಕ್ಕಳ ಪುಸ್ತಕಗಳನ್ನು ಬೇರೆ ತೆಗೆದಿಟ್ಟು ಮುದ್ರಣ ವಿವರದ ಪುಟ ನೋಡಲಿ. ರಟ್ಟು ಕಟ್ಟಿಸಲೇಬೇಕಿದ್ದರೆ ಹಳೇ ಮುಖಪುಟವನ್ನು ಒಳಗೆ ಸೇರಿಸಿ ಹೊಲಿಸಿ. ನೀವು ಮನೆಯಲ್ಲಿ ಅಟ್ಟ ಖಾಲಿ ಮಾಡುವವರಾದರೆ, ರದ್ದಿಯವರನ್ನು ಕರೆಯುವ ಮೊದಲು ಆ ಒಂದು ಪುಟದ ಫೋಟೊ ತೆಗೆದುಕೊಳ್ಳಿ.