ಅಲ್ಲಿ ‘ನಮ್ಮವರು’ ಇದ್ದಾರಾ?

ನಮ್ಮ ಕಡೆಯ ಹುಡುಗರು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ ಮೂರು ಪ್ರಶ್ನೆ ಕೇಳ್ತಾರೆ. ಮೆಟ್ರೋ ಎಷ್ಟು ದೂರ? ನೀರು ಸರಿ ಉಂಟಾ? ಮೂರನೆಯದನ್ನು ಸ್ವಲ್ಪ ಸ್ವರ ತಗ್ಗಿಸಿ ಕೇಳುವುದು: ಅಲ್ಲಿ ನಮ್ಮವರು ಇದ್ದಾರಾ?

ನನ್ನ ಜಗಳ ಈ ಮೂರನೆಯ ಪ್ರಶ್ನೆಯ ಜೊತೆ. ಅದು ಈಗ ಬೆಂಗಳೂರಲ್ಲಿ ಮಾತ್ರ ಉಳಿದಿಲ್ಲ. ಪುತ್ತೂರು ಪೇಟೆಯ ಸುತ್ತ ಐದು ಸೆಂಟ್ಸ್ ಜಾಗ ನೋಡುವವರೂ ಅದನ್ನೇ ಕೇಳ್ತಾರೆ. ಬ್ರೋಕರಿಗೂ ಉತ್ತರ ಬಾಯಿಪಾಠ: ‘ಆ ಬದಿಯಲ್ಲಿ ಎಲ್ಲ ನಿಮ್ಮವರೇ ಸರ್, ಟೆನ್ಶನ್ ಇಲ್ಲ.’

ನಾನು ನರಿಮೊಗರಿನವ. ಪುತ್ತೂರಿನಿಂದ ಕಾಣಿಯೂರು ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು. ಆ ದಾರಿಯ ಬಸ್ಸಿನಲ್ಲಿ ಒಂದು ಸಲ ಕೂತರೆ ತುಳು, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳ್ತದೆ. ಸುಳ್ಯದ ಕಡೆ ಹೋದರೆ ಅರೆಭಾಷೆ, ಕಡಬ, ನೆಲ್ಯಾಡಿ ಕಡೆ ಹೋದರೆ ರಬ್ಬರಿಗಾಗಿ ಕೇರಳದಿಂದ ಬಂದವರ ಮಲಯಾಳ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರು ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ನಿಂತರು. ಅವರ ತಮಿಳೂ ಈಗ ಈ ಮಣ್ಣಿನದ್ದೇ.

ಇಷ್ಟು ಜನ ಒಟ್ಟಿಗೆ ಬದುಕಿದ್ದು ಹೇಗೆ? ದೊಡ್ಡ ಆದರ್ಶದಿಂದ ಅಲ್ಲ, ವ್ಯವಹಾರದಿಂದ. ಅಡಿಕೆ ಮಾರುವ ಭಟ್ಟರ ಮನೆಮಾತು ಹವ್ಯಕ, ಕೊಳ್ಳುವ ವ್ಯಾಪಾರಿಯದ್ದು ಬ್ಯಾರಿ. ಪಟೋರ ಎಷ್ಟು, ಕೋಕ ಎಷ್ಟು ಎಂಬ ಚೌಕಾಸಿ ನಡೆಯುವುದು ಹೆಚ್ಚಾಗಿ ತುಳುವಿನಲ್ಲಿ. ಇಬ್ಬರದ್ದೂ ಅಲ್ಲದ ಭಾಷೆಯಲ್ಲಿ ಇಬ್ಬರ ಲೆಕ್ಕವೂ ಚುಕ್ತಾ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಈ ಭಟ್ಟರಾಗಲಿ ವ್ಯಾಪಾರಿಯಾಗಲಿ ಆ ಲೆಕ್ಕದಲ್ಲಿ ಸಿಗುವವರಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಸಿಗದ ಭಾಷೆಯನ್ನು ನೆರೆಕರೆಯವರು ಹೀಗೆ ಸಾಕಿದ್ದಾರೆ.

ನಮ್ಮ ಕನ್ನಡವನ್ನು ರೂಪಿಸಿದ್ದೂ ಅದೇ ನೆರೆಕರೆ. ‘ನಿಮ್ಮದು ಪುಸ್ತಕದ ಕನ್ನಡ’ ಎಂದು ಬೆಂಗಳೂರಿನವರು ನಗ್ತಾರೆ. ಸರಿಯೇ, ನಮ್ಮಲ್ಲಿ ಬಹಳ ಜನ ಕನ್ನಡ ಕಲಿತದ್ದು ಶಾಲೆಯ ಬೆಂಚಿನಲ್ಲಿ. ಅದಕ್ಕೆ ಉಪ್ಪು ಹುಳಿ ಹಾಕಿದ್ದು ತುಳು. ‘ಮಂಡೆಬಿಸಿ’ ಎಂದರೆ ತುಳುವಿನ ‘ಮಂಡೆಬೆಚ್ಚ’ವೇ ಕನ್ನಡದ ಅಂಗಿ ಹಾಕಿಕೊಂಡು ಬಂದದ್ದು. ‘ಹೋಗ್ಲಿಕ್ಕುಂಟು’, ‘ಎಂತ ಮಾರಾಯ’ ಎಲ್ಲ ಹೀಗೆ ಬೇಲಿ ದಾಟಿ ದಾಟಿ ಹುಟ್ಟಿದ ಮಾತುಗಳು.

ತಮಾಷೆ ನೋಡಿ. ಈಗ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುವ ಗೆಳೆಯರು ತುಂಬ ಜನ. ‘ಗ್ವಾಗ್ವಾ’ ಅಂದರೆ ಕ್ಯೂಬಾದಲ್ಲಿ ಬಸ್ಸು, ಚಿಲಿಯಲ್ಲಿ ಪುಟ್ಟ ಮಗು ಎಂದು ತಿಳಿದಾಗ ‘ಎಷ್ಟು ಚಂದ!’ ಅಂತಾರೆ. ಅದೇ ಗೆಳೆಯರಿಗೆ ‘ಬಿಸಿಲಿಗೆ ಒಂದು ಬೊಂಡ ಕುಡಿಯುವಾ’ ಎಂದು ಆಫೀಸಿನಲ್ಲಿ ಹೇಳಲು ನಾಚಿಕೆ. ಬೆಂಗಳೂರಿನ ಬೊಂಡ ಎಣ್ಣೆಯಲ್ಲಿ ಕರಿದದ್ದು, ಪುತ್ತೂರಿನ ಬೊಂಡ ಮರದಿಂದ ಇಳಿಸಿದ ಎಳನೀರು. ಕ್ಯೂಬಾ, ಚಿಲಿಯವರು ಹಾಗೆ ಮಾತಾಡಿದರೆ ಅದು ಸಂಸ್ಕೃತಿ. ನಾವು ಮಾತಾಡಿದರೆ ತಿದ್ದಿಕೊಳ್ಳಬೇಕಾದ ತಪ್ಪು!

ಈ ನಾಚಿಕೆಗೂ ಮೂರನೆಯ ಪ್ರಶ್ನೆಗೂ ಸಂಬಂಧ ಉಂಟು. ಮಿಶ್ರ ಮಾತು ಬೆಳೆಯಲಿಕ್ಕೆ ಮಿಶ್ರ ನೆರೆಕರೆ ಬೇಕು. ‘ನಮ್ಮವರ’ ಲೇಔಟಿನಲ್ಲಿ ಬೆಳೆಯುವ ಮಗುವಿಗೆ ಮನೆಮಾತು ಸಿಗಬಹುದು, ಶಾಲೆಯ ಇಂಗ್ಲಿಷ್ ಸಿಗಬಹುದು. ನಡುವೆ ಇದ್ದ ಬೇಲಿಯ ಬದಿಯ ಭಾಷೆ ಮಾತ್ರ ಸಿಗುವುದಿಲ್ಲ. ಆಚೆ ಮನೆಯವರ ಹಬ್ಬ ಯಾವುದು, ಅವರ ಮನೆಯಲ್ಲಿ ಅಜ್ಜಿಯನ್ನು ಏನೆಂದು ಕರೀತಾರೆ ಎಂಬುದು ಆ ಮಗುವಿಗೆ ಗೊತ್ತಾಗುವುದಿಲ್ಲ. ಅವರ ಬಗ್ಗೆ ಗೊತ್ತಾಗುವುದೆಲ್ಲ ವಾಟ್ಸಾಪ್ ಫಾರ್ವರ್ಡಿನಿಂದ. ನಮ್ಮ ಜಿಲ್ಲೆಯಲ್ಲಿ ಅದರ ಫಲ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎದುರು ವಾದ ನನಗೆ ಗೊತ್ತು. ಪರವೂರಿನಲ್ಲಿ ಜ್ವರ ಬಂದರೆ ಗಂಜಿ ಕೊಡುವವರು ನಮ್ಮವರೇ ಅಲ್ವಾ? ಒಂಟಿ ಹುಡುಗಿಗೆ ಪರಿಚಯದವರು ಹತ್ತಿರ ಇದ್ದರೆ ಧೈರ್ಯ ಅಲ್ವಾ? ಹೌದು, ಒಪ್ಪುತ್ತೇನೆ. ಹೆಸರು ಕೇಳಿದ ಕೂಡಲೇ ‘ಮನೆ ಆಗಲೇ ಹೋಯ್ತು’ ಎಂಬ ಉತ್ತರ ಪಡೆಯುವವರ ವಿಷಯವೇ ಬೇರೆ. ತಮ್ಮವರ ಕೇರಿಗೆ ಹೋಗುವುದು ಅವರ ಆಯ್ಕೆ ಅಲ್ಲ, ಬೇರೆ ಕಡೆ ಬಾಗಿಲು ಹಾಕಿದ್ದಾರೆ. ಹಾಗಾಗಿ ನನ್ನ ಮಾತು ಅವರಿಗಲ್ಲ. ಎಲ್ಲ ಬಾಗಿಲೂ ತೆರೆದಿರುವಾಗ, ಸಂಬಳವೂ ಚೆನ್ನಾಗಿರುವಾಗ, ‘ಅವರು’ ಇಲ್ಲದ ಜಾಗವನ್ನೇ ಆರಿಸುವ ನಮ್ಮಂಥವರಿಗೆ. ಗಂಜಿ ಕೊಡಲಿಕ್ಕೆ ಜಾತಿ ಬೇಕಿಲ್ಲ, ಪರಿಚಯ ಸಾಕು. ಪರಿಚಯ ಆಗಬೇಕಾದರೆ ಮೊದಲು ಪಕ್ಕದಲ್ಲಿ ಇರಬೇಕಲ್ಲ?

ಮನೆ ಅಥವಾ ಜಾಗ ನೋಡಲು ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಭಾನುವಾರ ಬೆಳಿಗ್ಗೆ ಬ್ರೋಕರ್ ಜೊತೆ ಹೋಗಿ ಟೈಲ್ಸ್ ನೋಡಿ ಬರಬೇಡಿ. ವಾರದ ದಿನ ಸಂಜೆ ಆರಕ್ಕೆ ಒಬ್ಬರೇ ಹೋಗಿ. ಹತ್ತಿರದ ಗೂಡಂಗಡಿಯಲ್ಲಿ ಒಂದು ಚಾ ಹೇಳಿ ಅರ್ಧ ಗಂಟೆ ಕೂತ್ಕೊಳ್ಳಿ. ಎಷ್ಟು ಭಾಷೆ ಕೇಳ್ತದೆ ಎಂದು ಲೆಕ್ಕ ಹಾಕಿ. ಮೂರಕ್ಕಿಂತ ಹೆಚ್ಚಾದರೆ ಅಡ್ವಾನ್ಸ್ ಕೊಟ್ಟುಬಿಡಿ. ಒಂದೇ ಭಾಷೆ ಕೇಳಿದರೆ, ಅದು ನಿಮ್ಮದೇ ಭಾಷೆ ಆಗಿದ್ದರೂ, ಇನ್ನೊಂದು ಏರಿಯಾ ನೋಡುವುದು ಒಳ್ಳೆಯದು ಮಾರಾಯ್ರೆ.