ಆಪ್ ಬಂತು, ಕೌಂಟರಿನಲ್ಲಿ ಕೂರುವವರು ಎಲ್ಲಿ?

ನಮ್ಮ ಎಲ್ಲೂರಿನಲ್ಲಿ ಪಕ್ಕದ ಮನೆಯ ದೊಡ್ಡಮ್ಮನಿಗೆ ಮೂವತ್ತು ಸೆಂಟ್ಸ್ ಅಡಿಕೆ ತೋಟ ಉಂಟು. ಕೈಯಲ್ಲಿರುವುದು ಕೀಪ್ಯಾಡ್ ಫೋನ್. ಕಳೆದ ಸಲದ ಬೆಳೆ ಸಮೀಕ್ಷೆಯಲ್ಲಿ ಅವರ ಜಾಗ "ಪಾಳು" ಅಂತ ದಾಖಲಾಗಿತ್ತು. "ಮಗಾ, ನನ್ನ ಅಡಿಕೆ ಮರ ಕಂಪ್ಯೂಟರಿಗೆ ಕಾಣುವುದಿಲ್ವಾ?" ಅಂತ ಕೇಳಿದರು. ಇದು ನಗುವ ವಿಷಯ ಅಲ್ಲ. ಬೆಳೆ ವಿಮೆಗೂ ಬೆಳೆ ನಷ್ಟದ ಪರಿಹಾರಕ್ಕೂ ಈಗ ಆ ದಾಖಲೆಯನ್ನೇ ನೋಡ್ತಾರೆ.

ಡಿಜಿಟಲ್ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. 2001ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಬಂತು. ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಆರ್‌ಟಿಸಿ ಕೈಗೆ ಸಿಗುತ್ತಿತ್ತು. ರೈತನಿಗೆ ಕಂಪ್ಯೂಟರ್ ಗೊತ್ತಿರಬೇಕಾಗಿರಲಿಲ್ಲ, ಗೊತ್ತಿದ್ದವರು ಕೌಂಟರಿನಲ್ಲಿ ಕೂತಿದ್ದರು. ಖರ್ಚಿಗೆ ಆ ಶುಲ್ಕವೂ ಇತ್ತು. ಅದಕ್ಕೇ ಅದು ಬಾಳಿಕೆ ಬಂತು ಅಂತ ನನ್ನ ಅಭಿಪ್ರಾಯ.

2020ರ ಮುಂಗಾರಿನಿಂದ ರೈತರೇ ಆಪ್‌ನಲ್ಲಿ ಬೆಳೆಯ ಫೋಟೋ ಹಾಕಬಹುದು. ಸ್ಮಾರ್ಟ್‌ಫೋನ್ ಇರುವ ನಮಗೆ ಸಲೀಸು. ಇಲ್ಲದವರು? ಕೌಂಟರಿನವರ ಕೆಲಸ ಈಗ ಅವರ ತಲೆ ಮೇಲೆ ಬಂದಿದೆ. ಸಮೀಕ್ಷೆಗೆ ಬರುವ ಯುವಕರಿಗೆ ಕೊಡುವುದು ಪ್ಲಾಟ್ ಲೆಕ್ಕದ ಹಣ. ಹಾಗಿರುವಾಗ ಪ್ರತಿ ಜಾಗದ ಮಾಲೀಕರನ್ನು ಹುಡುಕಿ ಕೇಳುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಸಮೀಕ್ಷೆಯ ದಿನಗಳಲ್ಲಿ ಪ್ರತಿ ಪಂಚಾಯತಿನಲ್ಲಿ ಒಬ್ಬರನ್ನು ಸಂಬಳ ಕೊಟ್ಟು ಕೂರಿಸಬೇಕು. ದಾಖಲಾದ ಬೆಳೆಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಾಕಬೇಕು. ಆಪ್‌ಗೆ ದುಡ್ಡು ಇಡುವವರು ಮನುಷ್ಯರಿಗೂ ಇಡಲಿ. ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕಾದವರು ನಾವೇ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. 'ಬೆಳೆ ದರ್ಶಕ್' ಆಪ್ ಹಾಕಿಕೊಂಡು ನಿಮ್ಮ ಜಮೀನಿನ ಜೊತೆ ಅಕ್ಕಪಕ್ಕದ ಎರಡು ಮನೆಯವರದ್ದೂ ನೋಡಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ. ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ಒಟಿಪಿ ಬೇಕಾದರೆ ಯಾಕೆ ಅಂತ ಮೊದಲು ಹೇಳಿ, ಆಮೇಲೆ ಕೇಳಿ.

ದೊಡ್ಡಮ್ಮನಿಗೂ ಹೀಗೇ ಫೋಟೋ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಒಂದೇ ಕ್ಷಣ ನೋಡಿದರು. "ಇದು ನನ್ನ ತೋಟ ಅಲ್ಲ ಮಗಾ, ತೋಡಿನ ಆಚೆಯ ಗದ್ದೆ" ಅಂದರು. ಆಕ್ಷೇಪಣೆ ಹಾಕಿದ್ದೇವೆ. ಅವರಿಗೆ ಗೊತ್ತಿದ್ದದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.